ಎಂಬತ್ತರಲ್ಲಿ ಬ್ರೇಕ್ ಒತ್ತಿದಾಗ

ಬಂಗಾರಪೇಟೆ
13 ನವೆಂಬರ್ 2025, ಗುರುವಾರ

ಅಪ್ಪಾ,

ಮೊದಲು ‘ಪ್ರೀತಿಯ’ ಅಂತ ಬರೆದು ಆಮೇಲೆ ಹೊಡೆದು ಹಾಕಿದ್ದೇನೆ. ಗೀಚಿದ್ದು ಕಾಣಿಸಿದರೆ ಕಾಣಿಸಲಿ.

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತಾ? ಬೋರ್‌ವೆಲ್ ಲಾರಿಯ ಸದ್ದಿಗೆ ಎಡಗಿವಿ ಮಂದವಾಗಿದೆ ಅಂದಿದ್ದೆ. ನೀನಿರುವ ಛತ್ತೀಸಗಢದಲ್ಲೂ ಡಾಕ್ಟರುಗಳಿರುತ್ತಾರೆ, ತೋರಿಸಿಕೋ. ಸಿಟ್ಟು ಬೇರೆ, ಕಿವಿ ಬೇರೆ. ಈ ಕಾಗದದ ಜೊತೆ ಮೂರ್ತಿ ಅಣ್ಣ ಒಂದು ಡಬ್ಬಿ ಕೊಡುತ್ತಾನೆ. ನಿಪ್ಪಟ್ಟು, ಹುಚ್ಚೆಳ್ಳು ಚಟ್ನಿಪುಡಿ ಇದೆ. ಕಟ್ಟಿದವಳು ಅಮ್ಮ. ನನ್ನನ್ನು ಕೇಳಿದ್ದರೆ ಖಾಲಿ ಡಬ್ಬಿ ಕಳಿಸುತ್ತಿದ್ದೆ.

ಫೋನಿದ್ದೂ ಕಾಗದ ಯಾಕೆ ಅಂತ ಕೇಳಬೇಡ. ಮೂರು ಸಲ ನೀನೇ ಕಟ್ ಮಾಡಿದೆ. ಮೆಸೇಜು ಹಾಕಿದರೆ ಎರಡು ಗೆರೆಯೂ ನೀಲಿಯಾಗುತ್ತವೆ, ಉತ್ತರ ಬರುವುದಿಲ್ಲ. ಕಾಗದವನ್ನಾದರೆ ಕಟ್ ಮಾಡಲಾಗುವುದಿಲ್ಲ. ಹರಿದು ಹಾಕಬಹುದು, ಆದರೆ ಲಾರಿಗೆ ಸ್ಪೇರ್ ಪಾರ್ಟು ತರುವ ಮೂರ್ತಿ ಅಣ್ಣನಿಗೆ ನೀನು ಪೂರ್ತಿ ಓದುವ ತನಕ ಎದುರಿಗೇ ಕೂತಿರು ಅಂತ ಹೇಳಿದ್ದೇನೆ.

ಕಳೆದ ತಿಂಗಳು ಇಪ್ಪತ್ತೇಳರಂದು ನಡೆದದ್ದೇನು ಅಂತ ಮೊದಲು ಸರಿಯಾಗಿ ಕೇಳಿಸಿಕೋ. ಎರಡು ವರ್ಷದಿಂದ ನಡೆಯುತ್ತಿದ್ದ ಹಾಗೆ ಅವತ್ತೂ ಮಾರಿಕುಪ್ಪಂ ರೈಲು ಬಂತು, ಆರು ಜನ ಹೆಂಗಸರು ಸ್ಟೇಷನ್ನಿನಲ್ಲಿ ಇಳಿದರು, ಅಮ್ಮ ಅವರನ್ನು ಹತ್ತಿಸಿಕೊಂಡು ನರಸಾಪುರದ ಫ್ಯಾಕ್ಟರಿಗೆ ಹೊರಟಳು. ಹೈವೇಯಲ್ಲಿ ಎಂಬತ್ತರಲ್ಲಿದ್ದಾಗ ಒಬ್ಬ ಬೈಕಿನವನು ಡಿವೈಡರ್ ಸಂದಿಯಿಂದ ಅಡ್ಡ ಬಂದ. ಅಮ್ಮ ಬ್ರೇಕ್ ಒತ್ತಿದಳು. ಕಾರು ಪೂರ್ತಿ ಗಡಗಡ ಅಂದಿತು. ಹಿಂದೆ ಕೂತವರು ಕಿರುಚಿಕೊಂಡರು. ಆದರೆ ಕಾರು ತನ್ನ ಸಾಲು ಬಿಡಲಿಲ್ಲ, ಬೈಕಿಗೆ ಒಂದು ಮಾರು ದೂರದಲ್ಲಿ ನಿಂತಿತು. ಯಾರ ಕೈಬಳೆಯೂ ಒಡೆಯಲಿಲ್ಲ.

ಅದಕ್ಕೆ ನೀನು ಏನು ಮಾಡಿದೆ? ನಲವತ್ತೆರಡು ಜನರಿರುವ ಮನೆತನದ ಗ್ರೂಪಿನಲ್ಲಿ ವಾಯ್ಸ್ ಹಾಕಿದೆ. “ಅವ್ಳ ಕೈ ನಡುಗ್ತದೆ ಕಣ್ರಲಾ. ಐವೇನಾಗೆ ಗಾಡಿ ಓಡ್ಸೋದು ಅಂದ್ರೆ ಸಾರಿಗೆ ಸೌಟು ಆಡ್ಸಿದಂಗಲ್ಲ. ಕೀ ಈಸ್ಕೊಂಡು ಜಯರಾಮಣ್ಣನ ತಾವ ಮಡಗಿ. ಗಾಡಿ ಮಾರ್ಬುಡಿ.” ಕಲ್ಪನ ಅತ್ತೆ ಹೆಬ್ಬೆರಳು ಒತ್ತಿದಳು. ನಾನು ಲೈಸೆನ್ಸ್ ತೆಗೆದಾಗ ಮೈಸೂರುಪಾಕು ಹಂಚಿದ್ದಳಲ್ಲ, ಅದೇ ಅತ್ತೆ. ಅಮ್ಮ ಆ ವಾಯ್ಸನ್ನು ಒಂದೇ ಸಲ ಕೇಳಿದಳು. ಕೀ ತೆಗೆದು ಸೆರಗಿನಲ್ಲಿ ಒರೆಸಿ, ತಾನೇ ನಡೆದುಕೊಂಡು ಹೋಗಿ ಜಯರಾಮ ದೊಡ್ಡಪ್ಪನಿಗೆ ಕೊಟ್ಟು ಬಂದಳು. ಆ ಆರು ಜನ ಈಗ ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದಾರೆ. ಅವರಲ್ಲಿ ಸುಮಲತಕ್ಕ ದಿನಾ ಫೋನ್ ಮಾಡಿ “ಇಂದ್ರಾಣಕ್ಕಾ, ಯಾವಾಗ ಬತ್ತೀಯಾ?” ಅಂತ ಕೇಳುತ್ತಾಳೆ. ಅಮ್ಮ “ನೋಡನ ಇರು” ಅನ್ನುತ್ತಾಳೆ. ಈ ತಿಂಗಳು ಇಪ್ಪತ್ತಮೂರು, ಭಾನುವಾರ, ಮುಳಬಾಗಿಲಿನಿಂದ ಕಾರು ತೆಗೆದುಕೊಳ್ಳುವವರು ಬರುತ್ತಾರೆ. ನೆನಪಿಟ್ಟುಕೋ, ಇನ್ನು ಹತ್ತು ದಿನ.

ನಿನಗೆ ನನ್ನ ಕಾರ್ ಹುಚ್ಚು ತಮಾಷೆ. “ಮೊಬೈಲ್ನಾಗೆ ಮೆಕಾನಿಕ್ ಆದೋಳು” ಅಂತ ನೆಂಟರ ಮುಂದೆ ಎಷ್ಟು ಸಲ ನಗಾಡಿದ್ದೀಯ. ಆ ಮೊಬೈಲಿನಲ್ಲೇ ಕೇಳಿದೆ. ನಮ್ಮ ಕಾರ್ ಹುಚ್ಚರ ಗ್ರೂಪಿನಲ್ಲಿ ಇಷ್ಟುದ್ದ ಬರೆದು ಹಾಕಿದೆ. ಒಬ್ಬ ಟೈರು ಅಂದ, ಒಬ್ಬ ಬುಷ್ಷು ಅಂದ, ಒಬ್ಬ ನಗುವ ಮುಖ ಹಾಕಿ ‘ಡ್ರೈವರ್ ಬದಲಾಯಿಸಿ ಸಿಸ್ಟರ್’ ಅಂದ. ಅವನನ್ನು ಅಲ್ಲೇ ತೊಳೆದಿಟ್ಟೆ, ಅಡ್ಮಿನ್ ಬಂದು ಇಬ್ಬರನ್ನೂ ಬೈದ. ನಾನಂತೂ ಚಕ್ರದ ಬ್ಯಾಲೆನ್ಸೇ ಕೆಟ್ಟಿರುವುದು ಅಂತ ನಾಲ್ಕು ಜನರ ಜೊತೆ ಬಾಜಿ ಕಟ್ಟಿದ ಹಾಗೆ ವಾದ ಮಾಡಿದ್ದೆ. ಕೊನೆಗೆ ಮಾಲೂರಿನ ಯಾರೋ ಒಬ್ಬರು ಒಂದೇ ಸಾಲು ಬರೆದರು: ‘ಸುಮ್ಮನೆ ಓಡುವಾಗಲೂ ನಡುಗುತ್ತಾ, ಇಲ್ಲಾ ಬ್ರೇಕ್ ಒತ್ತಿದಾಗ ಮಾತ್ರವಾ?’ ಅಷ್ಟು ಬಡಾಯಿ ಕೊಚ್ಚಿದವಳು ಅದೊಂದನ್ನೇ ನೋಡಿರಲಿಲ್ಲ.

ಅದಕ್ಕೇ ದೊಡ್ಡಪ್ಪನ ಮನೆಗೆ ಹೋದೆ. ಅಮ್ಮನ ಕೈಯೇ ಕೆಟ್ಟಿದ್ದರೆ ನೀನೇ ಓಡಿಸಿ ತೋರಿಸು ಅಂದೆ. ಅವರಿಗೆ ಖುಷಿಯೋ ಖುಷಿ. “ಎತ್ತಿನ ಗಾಡಿಯಿಂದ ಟ್ರ್ಯಾಕ್ಟರ್ ಗಂಟ ಓಡ್ಸಿರೋನು ಕಣಮ್ಮಾ ನಾನು, ಕುಂತ್ಕ” ಅಂದರು. ಹೈವೇಯಲ್ಲಿ ಎಂಬತ್ತು ಮುಟ್ಟಿತು. ಸುಮ್ಮನೆ ಓಡುವಾಗ ಏನೂ ಇಲ್ಲ, ನೀರಿನ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಹಿಂದೆ ಯಾರೂ ಇಲ್ಲದ್ದು ನೋಡಿ ಬ್ರೇಕ್ ಒತ್ತು ಅಂದೆ. ಒತ್ತಿದರು. ರಾಗಿ ಮೂಟೆ ಎತ್ತಿ ಬಿಸಾಡುವ ಆ ಎರಡು ಕೈಗಳೂ ಸ್ಟೇರಿಂಗ್ ಮೇಲೆ ಜರಡಿ ಆಡಿದ ಹಾಗೆ ಆಡಿದವು. “ಅಯ್ಯಯ್ಯಪ್ಪಾ, ಇದೇನ್ಲಾ ಇದು!” ಅಂದರು. ಬಿಟ್ಟರೆ ನಡುಕ ನಿಂತಿತು, ಒತ್ತಿದರೆ ಮತ್ತೆ ಶುರು. ಐದು ಸಲ ಮಾಡಿಸಿದೆ. ಐದನೆಯ ಸಲ ಬೆವರು ಒರೆಸಿಕೊಳ್ಳುತ್ತಾ “ಸಾಕು ಬುಡೇ ಮಾರಾಯ್ತಿ” ಅಂದರು. ಈಗ ಹೇಳು, ದೊಡ್ಡಪ್ಪನ ಕೈಯೂ ನಡುಗಿತು, ಅವರ ಟ್ರ್ಯಾಕ್ಟರನ್ನೂ ಮಾರಿಸುತ್ತೀಯಾ?

ಅಲ್ಲಿಂದ ನೇರ ಊರಿಗಾಂ ಊರಿಗೆ, ಮೆಕಾನಿಕ್ ಸೆಲ್ವರಾಜ್ ಅಂಕಲ್ ಶೆಡ್ಡಿಗೆ. ಬ್ಯಾಲೆನ್ಸು ನೋಡಿ ಅಂತ ಅಲ್ಲೂ ಹಟ ಮಾಡಿದೆ. ನೋಡಿದರು, ಸರಿಯಾಗಿತ್ತು, ನನ್ನ ವಾದ ಬಿತ್ತು. ಆಮೇಲೆ ಮುಂದಿನ ಚಕ್ರಗಳನ್ನು ಬಿಚ್ಚಿ, ಬ್ರೇಕ್ ಹಿಡಿಯುವ ತಟ್ಟೆ, ಅದೇ ಡಿಸ್ಕ್, ಅದಕ್ಕೆ ಗಡಿಯಾರದಂಥ ಅಳತೆಯ ಮುಳ್ಳು ತಾಗಿಸಿ ಮೆಲ್ಲಗೆ ತಿರುಗಿಸಿದರು. ಮುಳ್ಳು ಒಂದು ಕಡೆ ನಿಲ್ಲದೆ ಹೋಗಿ ಬಂದು ಮಾಡಿತು. ತಟ್ಟೆ ಸೊಟ್ಟ, ಎರಡೂ ಕಡೆ. ಅಂಕಲ್ ಕೈ ಒರೆಸಿಕೊಂಡು ನನ್ನ ಮುಖ ನೋಡಿದರು. “ಪಾಪಾ, ಸೂಡಾ ಕಾದಿರೋವಾಗ ಯಾರಮ್ಮಾ ಇದಕ್ಕೆ ತಣ್ಣೀರು ಉಯ್ಯೋದು?”

ಯಾರು ಅಪ್ಪಾ? ನೀನೇ ಹೇಳು.

ಅಮ್ಮನಿಗೆ ಡ್ರೈವಿಂಗ್ ಕಲಿಸಿ ಬೋರ್‌ವೆಲ್ ರಿಗ್ಗಿಗೆ ಹೊರಟ ದಿನ ನೀನು ಹೇಳಿ ಹೋದ ಮಾತು ನನಗೆ ಬಾಯಿಪಾಠ. “ಗಾಡಿ ಮನೆಗೆ ಬಂದ್ರೆ ಫಸ್ಟು ಚಕ್ರಕ್ಕೆ ಎರಡು ಕೊಡ ನೀರು ಉಯ್ಯಿ. ನಮ್ಮಪ್ಪ ಎತ್ತಿನ ಕಾಲು ತೊಳೀದೆ ತಾನು ನೀರು ಕುಡೀತಿರ್ನಿಲ್ಲ.” ನೀನು ಘಾಟಿ ಇಳಿದಾಗೆಲ್ಲ ಲಾರಿಗೂ ಹಾಗೇ ಮಾಡುತ್ತೀಯಂತೆ. ಅಮ್ಮ ಎರಡು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಮೂವತ್ತೈದು ಕಿಲೋಮೀಟರ್ ಓಡಿಸಿಕೊಂಡು ಬಂದು, ಚಪ್ಪಲಿ ಬಿಡುವ ಮೊದಲು ಕೊಡ ಎತ್ತುತ್ತಿದ್ದಳು. ಚಕ್ರ ಚುಸ್ಸ್ ಅಂತ ಹೊಗೆಯಾಡುತ್ತಿತ್ತು. ಡೆಂಗ್ಯೂ ಜ್ವರ ಬಂದು ಕಾರು ನಾನು ಓಡಿಸಿದ ದಿನಗಳಲ್ಲೂ ಗೋಡೆ ಹಿಡಿದುಕೊಂಡು ಎದ್ದು ಹೋಗಿ ಹೊಯ್ದಳು. ನಾನು ಹೊಯ್ಯುತ್ತೇನೆ ಅಂದರೆ “ಅವ್ರು ನಂಗೆ ಏಳವ್ರೆ” ಅಂದಳು. “ಲಾರಿ ಬ್ರೇಕ್ ಡ್ರಮ್ಮು ದಪ್ಪ ಅಮ್ಮಾ, ತಡ್ಕೊಳ್ಳುತ್ತೆ. ಇದು ತೆಳ್ಳಗೆ, ಕಾದಾಗ ನೀರು ಬಿದ್ರೆ ಮುಗೀತು” ಅಂದರು ಸೆಲ್ವರಾಜ್ ಅಂಕಲ್. ಇಪ್ಪತ್ತೆರಡು ವರ್ಷ ಲಾರಿ ಓಡಿಸಿದ್ದೇನೆ ಅಂತ ಎದೆ ತಟ್ಟಿಕೊಳ್ಳುವ ನಿನಗೆ ಅದು ಗೊತ್ತಿರಲಿಲ್ಲ. ನಿನ್ನ ಮಾತು ಕೇಳಿ ಕೇಳಿ ಅವಳು ಕಾರು ಕೆಡಿಸಿದಳು. ಕೆಟ್ಟ ಕಾರನ್ನು ಎಂಬತ್ತರಲ್ಲೂ ಹಿಡಿದು ನಿಲ್ಲಿಸಿದಳು. ಅದಕ್ಕೆ ನೀನು ಕೊಟ್ಟ ಬಹುಮಾನ ಆ ವಾಯ್ಸು.

ಹೊಸ ಡಿಸ್ಕು, ಹೊಸ ಪ್ಯಾಡು ಹಾಕಿಸಿದ್ದೇವೆ. ದೊಡ್ಡಪ್ಪನೇ ಮತ್ತೆ ಹೈವೇಯಲ್ಲಿ ಓಡಿಸಿದರು. ಎಂಬತ್ತರಲ್ಲಿ ಒತ್ತಿದರು, ನೂರರಲ್ಲಿ ಒತ್ತಿದರು, ಸ್ಟೇರಿಂಗು ಕಲ್ಲಿನ ಹಾಗೆ ನಿಂತಿತ್ತು. ಸರಿ, ಕೀ ಕೊಡು ಅಂದರೆ ಜೇಬಿಗೆ ಹಾಕಿಕೊಂಡರು. “ಗ್ರೂಪ್ನಾಗೆ ಈಸ್ಕೋ ಅಂದೋನು ಗ್ರೂಪ್ನಾಗೇ ಕೊಡು ಅನ್ಲಿ. ನಾಳೆ ನನ್ ಮೇಲೆ ಬತ್ತದೆ” ಅಂದರು. ಅಮ್ಮನೂ ಅಷ್ಟೇ, ಹೋಗಿ ಕೇಳುವುದಿಲ್ಲ. ಆದ್ದರಿಂದ ಸಿಗ್ನಲ್ ಸಿಗುವ ಕಡೆ ಹೋಗಿ, ಅದೇ ನಲವತ್ತೆರಡು ಜನರ ಮುಂದೆ, ಅದೇ ಗಂಟಲಿನಲ್ಲಿ ಹೇಳು. ತಪ್ಪು ಇಂದ್ರಾಣಿಯದಲ್ಲ, ನನ್ನದು ಅಂತ. ಅಮ್ಮನಿಗೊಬ್ಬಳಿಗೇ ಗುಟ್ಟಾಗಿ ಫೋನ್ ಮಾಡಿ ಮುಗಿಸಿಬಿಡುತ್ತೀಯಲ್ಲ, ಆ ಕೆಲಸ ಬೇಡ. ಇಪ್ಪತ್ತಮೂರರ ಒಳಗೆ ಆಗಲಿಲ್ಲ ಅಂದರೆ ಕಾರು ಹೋಗುತ್ತದೆ, ಅಮ್ಮ ಮತ್ತೆ ಯಾವ ಸ್ಟೇರಿಂಗನ್ನೂ ಮುಟ್ಟುವುದಿಲ್ಲ. ನನಗೆ ಅವಳು ಗೊತ್ತು.

ತಾತ ಚೆನ್ನಾಗಿದ್ದಾರೆ, ಕೆಮ್ಮು ಇಳಿದಿದೆ, ನಿನ್ನನ್ನು ಕೇಳಿದರು ಅಂತ ಬರೆಯಲು ಹೇಳಿದರು. ಕೆಂದ ಹಸು ಈದಿದೆ, ಹೆಣ್ಣು ಕರು. ನಿನ್ನ ಕಾಲಿಗೆ ನನ್ನ ನಮಸ್ಕಾರ, ಅದಕ್ಕೆ ರಜೆ ಕೊಡಲಾಗುವುದಿಲ್ಲವಲ್ಲ.

ನಿನ್ನ ಮಗಳು
ಲಿಖಿತ

ಅಪ್ಪಾ, ಕವರು ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಮೂರ್ತಿ ಅಣ್ಣ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ‘ಅಮ್ಮನ ಕೈ ತುಂಬಾ ನಡುಗ್ತಿತ್ತು, ಭಯ ಆಯ್ತು’ ಅಂತ ಅವತ್ತು ನಿನಗೊಬ್ಬನಿಗೇ ಮೆಸೇಜು ಹಾಕಿದ್ದು ನಾನು. ಕಾಲೇಜಿಗೆ ರಜೆ ಅಂತ ಅಮ್ಮನ ಜೊತೆ ಹೋಗಿದ್ದೆ. ನಾನು ಕೈ ನೋಡಿದೆ, ಸ್ಟೇರಿಂಗ್ ನೋಡಲಿಲ್ಲ. ನೀನು ಅಷ್ಟೆಲ್ಲಾ ಬೈದರೂ ಗ್ರೂಪಿನಲ್ಲಿ ನನ್ನ ಹೆಸರು ಎತ್ತಲಿಲ್ಲ. ನಾನು ಇಷ್ಟು ಪುಟ ಬರೆದೂ ಅದನ್ನು ಬರೆಯಲಿಲ್ಲ. ಈಗ ಅಮ್ಮನಿಗೆ ಹೇಳಿದೆ. ಹಿಟ್ಟು ಜರಡಿ ಹಿಡಿಯುತ್ತಿದ್ದಳು, ತಲೆ ಎತ್ತಲಿಲ್ಲ. “ಗೊತ್ತು ಬುಡು. ನನ್ ಪಕ್ಕದಾಗೆ ಕುಂತಿದ್ದೋಳು ನೀನೊಬ್ಳೇ” ಅಂದಳು. ವಾಯ್ಸಿನಲ್ಲಿ ನನ್ನ ಹೆಸರೂ ಹೇಳು.