ಸೋತರೂ ಬರುವುದಿಲ್ಲ

ಭಾನುವಾರ, ಮಧ್ಯಾಹ್ನ

ನನ್ನ ಮೇಲೆ ಸಿಟ್ಟಾಗಿರುವ ಪ್ರೀತಿಯ ಅಮ್ಮನಿಗೆ,

ನಿನ್ನ ಕಾಗದ ಬಂತು. ಮಾವನ ಮುಂದೆ ತಲೆಯಾಡಿಸಿ ಒಪ್ಪಿಕೊಂಡ ಮೇಲೆ ಮಾತಿಗೆ ತಪ್ಪಬಾರದು, ಕೆಲಸ ಬಿಟ್ಟು ಬಾ ಎಂದು ಬರೆದಿದ್ದೀಯ. ನಾನು ಬರುವುದಿಲ್ಲ. ಇದನ್ನು ಫೋನಿನಲ್ಲಿ ಹೇಳಲು ಹೋದರೆ ನೀನು ಅಳುತ್ತೀಯ, ನಾನು ಹೂಂ ಎಂದುಬಿಡುತ್ತೇನೆ. ಕಾಗದದ ಮೇಲಾದರೆ ನನಗೆ ಸ್ವಲ್ಪ ಧೈರ್ಯ.

ನನ್ನ ಜೊತೆ ಗಾಡಿ ಓಡಿಸುವ ಹುಡುಗ ಮಿಂಚುವಿನ ಕಾರು ಮುಂದೆ ಹೋಯಿತು, ನಾನು ಹಿಂದೆ ಬಿದ್ದೆ ಎಂದು ಮಾವ ಹೇಳಿದ್ದು ನಿಜ. ಅವರು ಏನನ್ನೂ ಸೇರಿಸಿಲ್ಲ. ಆದರೆ ಅವರು ಊಟದ ಹೊತ್ತಿಗೇ ಬಸ್ಸು ಹತ್ತಿದರು. ಅವರು ನೋಡದೇ ಇದ್ದದ್ದನ್ನು ನಾನು ಹೇಳುತ್ತೇನೆ.

ನಮ್ಮ ಕಾರ್ಖಾನೆ ಟೈರು ಮಾಡುತ್ತದೆ, ಆ ಟೈರು ಹಾಕಿದ ಗಾಡಿಗಳನ್ನು ಓಡಿಸಿ ನೋಡುವುದು ನಮ್ಮ ಕೆಲಸ. ಅಂದು ಒಂದು ಸ್ಪೋರ್ಟ್ಸ್ ಕಾರು, ಒಂದು ದೊಡ್ಡ ಗಾಡಿ, ಅಂದರೆ ಎಸ್‌ಯುವಿ. ನಿಂತಲ್ಲಿಂದ ಯಾವುದು ಎಷ್ಟು ಬೇಗ ವೇಗ ಹಿಡಿಯುತ್ತದೆ, ನಮ್ಮವರ ಮಾತಿನಲ್ಲಿ ಪಿಕಪ್ಪು, ಅದನ್ನು ಅಳೆಯಬೇಕಿತ್ತು. ಮಾವನಿಗೆ ಇಷ್ಟು ತಿಳಿದದ್ದೇ ತಡ, ನಿಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಷರತ್ತು ಹಾಕಿದ್ದು ನಿನಗೆ ನೆನಪಿರಬೇಕು. “ಆ ಹುಡುಗನ್ನ ಹಿಂದೆ ಹಾಕಿದ್ರೆ ಓಡಿಸ್ಕೊಂಡಿರು. ಇಲ್ದಿದ್ರೆ ಬಂದು ನಮ್ಮ ಅಂಗಡೀಲಿ ಕೂತ್ಕೋ.” ನಾನು ತಲೆಯಾಡಿಸಿದೆ. ಅವರು ಬಾವಿಗೆ ಬೀಳು ಎಂದಿದ್ದರೂ ಆಗ ತಲೆಯಾಡಿಸುತ್ತಿದ್ದೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ.

ಬೆಳಿಗ್ಗೆ ಇಂಜಿನಿಯರಮ್ಮ ಎಸ್‌ಯುವಿಯ ಕೀ ನನ್ನ ಕೈಗೆ ಕೊಟ್ಟಾಗಲೇ ಗೆಲ್ಲುವ ಆಸೆ ಬಿಟ್ಟೆ. ಮಾವ ತಂತಿಬೇಲಿಯ ಆಚೆ ಕೈಕಟ್ಟಿ ನಿಂತಿದ್ದರು. ಬಾವುಟ ಬಿದ್ದಾಗ ನನ್ನ ಗಾಡಿ ನಾಲ್ಕೂ ಚಕ್ರದಲ್ಲಿ ನೆಲ ಕಚ್ಚಿ ಹಾರಿತು. ನಂಬು, ಒಂದು ಉಸಿರು ಎಳೆಯುವಷ್ಟು ಹೊತ್ತು ನಾನೇ ಮುಂದಿದ್ದೆ. ಆಮೇಲೆ ಗಾಡಿಯ ಭಾರ ಗೊತ್ತಾಯಿತು. ಮಲಗಿದ ಆನೆಯನ್ನು ಎಬ್ಬಿಸಿ ಓಡು ಅಂದ ಹಾಗೆ. ಪಕ್ಕದಿಂದ ಸುಂಯ್ ಎಂದದ್ದು ಕೇಳಿಸಿತು, ಮತ್ತೆ ನನಗೆ ಕಂಡದ್ದು ಮಿಂಚುವಿನ ಕಾರಿನ ಹಿಂದಿನ ದೀಪ ಮಾತ್ರ. ಮಾವ ಅಷ್ಟು ನೋಡಿದರು. ನನ್ನ ಬೆನ್ನು ತಟ್ಟಿ, ಬಟ್ಟೆ ಕಟ್ಟಿಕೋ ಎಂದು ಹೇಳಿ ಹೋದರು.

ಊಟವಾದ ಮೇಲೆ ಗಾಡಿ ಅದಲುಬದಲು. ಇಲ್ಲಿ ಯಾವಾಗಲೂ ಹಾಗೆಯೇ. ಇಬ್ಬರೂ ಎರಡನ್ನೂ ಓಡಿಸಬೇಕು, ಇಲ್ಲವಾದರೆ ಮುಂದೆ ಹೋದದ್ದು ಇಂಜಿನ್ನೋ, ಓಡಿಸಿದವರ ಕಾಲೋ ಎಂದು ತಿಳಿಯುವುದಿಲ್ಲ. ನಾನು ಸ್ಪೋರ್ಟ್ಸ್ ಕಾರಿನಲ್ಲಿ ಕೂತೆ. ಸೀಟು ಎಷ್ಟು ತಗ್ಗು ಎಂದರೆ ನೆಲದ ಮೇಲೆ ಕಾಲು ಚಾಚಿ ಕೂತಂತೆ. ಗೆಲ್ಲುವ ಆತುರದಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿಬಿಟ್ಟೆ. ಹಿಂದಿನ ಚಕ್ರಗಳು ನಿಂತಲ್ಲೇ ಗರಗರ ತಿರುಗಿದವು, ಹೊಗೆ ಎದ್ದಿತು, ಕಾರು ಮಾತ್ರ ಅಲ್ಲಾಡಲಿಲ್ಲ. ಅದು ಹೊರಡುವಷ್ಟರಲ್ಲಿ ಮಿಂಚು ದೊಡ್ಡ ಗಾಡಿಯಲ್ಲಿ ಅರ್ಧ ದಾರಿ ದಾಟಿದ್ದ. ಎಷ್ಟು ಅಟ್ಟಿಸಿಕೊಂಡು ಹೋದರೂ ಗೆರೆಯ ಹತ್ತಿರ ಅವನೇ ಮುಂದೆ.

ಹೌದಮ್ಮ, ಎರಡು ಸಲ ಸೋತೆ. ಮಾವ ನೋಡದ ಸೋಲನ್ನು ಮುಚ್ಚಿಡಬಹುದಿತ್ತು. ಮುಚ್ಚಿಡುವುದಿಲ್ಲ.

ಎಲ್ಲರೂ ನಕ್ಕರು. ಮಿಂಚು ಗಾಡಿಯಿಂದ ಇಳಿದು ಬಂದು, “ಏನಕ್ಕಾ, ಟೈರ್ ಟೆಸ್ಟ್ ಮಾಡೋಕ್ ಬಂದ್ಯಾ, ಒಲೆ ಹಚ್ಚೋಕ್ ಬಂದ್ಯಾ?” ಎಂದ. ಯಾರಾದರೂ ನಕ್ಕರೆ ಹಿಂದಿನ ಬಾಗಿಲು ಹುಡುಕುವವಳು ನಾನು. ಅಂದು ಕಾರಿನಿಂದ ಇಳಿಯಲಿಲ್ಲ. ಇನ್ನೊಂದು ಸಲ ಎಂದೆ. ನನ್ನ ದನಿ ಎಷ್ಟು ಸಣ್ಣದೆಂದರೆ ಇಂಜಿನಿಯರಮ್ಮನಿಗೆ ಕೇಳಿಸಲಿಲ್ಲ, ಏನಂದೆ ಎಂದು ಕೇಳಿದರು. ಆಗ ಬೇಲಿಯವರೆಗೂ ಕೇಳುವಂತೆ ಹೇಳಿದೆ.

“ಇನ್ನೊಂದು ಸಲ ಓಡಿಸ್ತೀನಿ. ಈಗ ಓಡಿಸಿದ್ದು ತಪ್ಪು. ತಪ್ಪು ಎಲ್ಲಾಯ್ತು ಅಂತ ನಂಗೆ ಗೊತ್ತಾಗಿದೆ.”

ಸರಿ, ಟೈರು ತಣ್ಣಗಾಗಲಿ ಎಂದರು ಅವರು.

ಅದೇ ಕಾರಿನಲ್ಲಿ ಎರಡನೆಯ ಸಲ ಕಾಲನ್ನು ಮೆಲ್ಲಗೆ ಊರಿದೆ. ಮಲಗಿದ ಮಗುವಿನ ಪಕ್ಕದಿಂದ ನೀನು ಏಳುತ್ತೀಯಲ್ಲ, ಹಾಗೆ. ಚಕ್ರ ನೆಲ ಹಿಡಿದದ್ದು ಬೆನ್ನಿಗೆ ತಿಳಿಯಿತು. ಆಮೇಲೆ ಪೂರ್ತಿ ಒತ್ತಿದೆ. ಅಮ್ಮ, ಅದನ್ನು ಹೇಗೆ ಬರೆಯಲಿ. ಹೊಟ್ಟೆ ಹಿಂದೆಯೇ ಉಳಿದು ನಾನು ಮಾತ್ರ ಮುಂದೆ ಹೋದ ಹಾಗಿತ್ತು. ದೊಡ್ಡ ಗಾಡಿ ಕನ್ನಡಿಯಲ್ಲಿ ಬೆಂಕಿಪೊಟ್ಟಣದಷ್ಟಾಯಿತು. ಮಿಂಚು ಬೆಳಿಗ್ಗೆ ಓಡಿಸಿದಷ್ಟು ಬೇಗ ಅಲ್ಲ, ಅದೂ ಗೊತ್ತಿರಲಿ. ಇನ್ನೂ ಕಲಿಯುವುದಿದೆ.

ಈಗ ನನ್ನದೊಂದು ಪ್ರಶ್ನೆ. ಆ ಓಟದಲ್ಲಿ ಮಿಂಚು ಸೋತ. ಸೋತವನು ಇಳಿದು ಬಂದು ಟೀ ಕುಡಿದ, ನನಗೂ ಒಂದು ಲೋಟ ತಂದುಕೊಟ್ಟ, ಮರುದಿನ ಕೆಲಸಕ್ಕೆ ಬಂದ. ಬಟ್ಟೆ ಕಟ್ಟಿಕೋ ಎಂದು ಅವನಿಗೆ ಯಾವ ಮಾವನೂ ಹೇಳಲಿಲ್ಲ. ಅವನ ಸೋಲು ಒಂದು ದಿನದ ಸೋಲು, ನನ್ನದು ಮಾತ್ರ ಜನ್ಮವಿಡೀ ಉಳಿಯಬೇಕೇ? ನಾನು ತಲೆಯಾಡಿಸಿದ್ದು ತಪ್ಪು. ತಪ್ಪು ಮಾತನ್ನು ಉಳಿಸಿಕೊಳ್ಳುವುದು ಇನ್ನೂ ದೊಡ್ಡ ತಪ್ಪು.

ಮಾವ ನಿನ್ನ ಅಣ್ಣ, ನೀನಿರುವುದು ಅವರ ಮನೆಯಲ್ಲಿ, ದಿನಾ ಅವರ ಮುಖ ನೋಡಬೇಕಾದವಳು ನೀನು. ಅದನ್ನು ಮರೆತು ಬರೆಯುತ್ತಿಲ್ಲ. ನನ್ನ ಕೋಣೆ ಚಿಕ್ಕದು, ಆದರೆ ಕಿಟಕಿಗೆ ಬೆಳಗಿನ ಬಿಸಿಲು ಬರುತ್ತದೆ, ನಲ್ಲಿಯಲ್ಲಿ ನೀರು ನಿಲ್ಲುವುದಿಲ್ಲ, ಇಬ್ಬರು ಮಲಗುವಷ್ಟು ಜಾಗವಿದೆ. ನಾನು ಅಲ್ಲಿಗೆ ಬರುವುದಿಲ್ಲ. ನೀನು ಇಲ್ಲಿಗೆ ಬಾ. ಇದನ್ನು ಮಾವನಿಗೆ ಓದಿ ಹೇಳಿದರೂ ನನಗೆ ಹೆದರಿಕೆಯಿಲ್ಲ.

ಇಂತಿ,
ನಿನ್ನ ಮಾತು ಕೇಳದ ಮಗಳು,
ಪುಟ್ಟಿ

ಮರೆತಿದ್ದೆ: ಪರೀಕ್ಷೆಯ ಹಿಂದಿನ ದಿನ ನೀನು ಇಂಜಿನಿಯರಮ್ಮನಿಗೆ ಫೋನ್ ಮಾಡಿ, ನನ್ನ ಮಗಳಿಗೆ ದೊಡ್ಡ ಗಾಡಿಯನ್ನೇ ಕೊಡಿ ಎಂದು ಬೇಡಿಕೊಂಡೆಯಂತೆ. ನಿನ್ನೆ ಅವರೇ ಹೇಳಿದರು. ನಾನು ಸೋಲಲಿ ಎಂದು ನೀನು ಕೇಳಿದ್ದಲ್ಲ, ದೊಡ್ಡ ಗಾಡಿ ಗಟ್ಟಿ, ಏಟಾಗುವುದಿಲ್ಲ ಎಂದು ಕೇಳಿದ್ದು. ಗೊತ್ತಾಯಿತು, ಸಿಟ್ಟಿಲ್ಲ. ಆದರೆ ಇನ್ನೊಮ್ಮೆ ಫೋನ್ ಮಾಡಬೇಡ. ನಾಳೆಯಿಂದ ಸ್ಪೋರ್ಟ್ಸ್ ಕಾರು ಮೊದಲು ನನಗೇ ಕೊಡಿ ಎಂದು ನಾನೇ ಕೇಳಿ ತೆಗೆದುಕೊಂಡಿದ್ದೇನೆ.