ಕುಟ್ಟದ ಕೋಲು

ಮೇಲಿನ ಮನೆಯ ಓನರ್ ಅಜ್ಜಿಗೆ ಕೆಳಗಿನ ಬ್ಯಾಟರಿ ಅಂಗಡಿಯವಳ ನಮಸ್ಕಾರ.

ನನ್ನ ಚಾರ್ಜರ್‌ಗಳು ಓಡಿದಾಗಲೆಲ್ಲ ನಿಮ್ಮ ರೇಡಿಯೊ ಗೊರಗೊರ ಅನ್ನುತ್ತಿತ್ತು. ನೀವು ಕೋಲಿನಿಂದ ನೆಲ ಕುಟ್ಟುತ್ತಿದ್ದಿರಿ, ನಾನು ಆಫ್ ಮಾಡುತ್ತಿದ್ದೆ. ಕೊನೆಗೆ, "ನಿನ್ನ ಡಬ್ಬಗಳು ನನ್ನ ಹಾಡು ತಿಂತಾವೆ, ಅಂಗಡಿ ಖಾಲಿ ಮಾಡು" ಅಂದಿರಿ.

ತಪ್ಪು ಡಬ್ಬಗಳದ್ದೇ. ಅವು ಕರೆಂಟನ್ನು ಗಬಗಬನೆ ನುಂಗಿ, ನಿಮ್ಮ ರೇಡಿಯೊಗೂ ಬರುವ ಲೈನನ್ನೇ ಕೆಡಿಸುತ್ತಿದ್ದವು. ಈಗ ಪವರ್ ಫ್ಯಾಕ್ಟರ್ ಸರಿಪಡಿಸುವ ಕನ್ವರ್ಟರ್ ಕಟ್ಟಿ ಕೂರಿಸಿದ್ದೇನೆ. ಅದು ವೋಲ್ಟೇಜಿನ ಏರಿಳಿತಕ್ಕೆ ತಕ್ಕಂತೆ ಮರ್ಯಾದೆಯಿಂದ ಕರೆಂಟ್ ಎಳೆದುಕೊಳ್ಳುತ್ತದೆ.

ನಿನ್ನೆ ಸಂಜೆ ನೀವು ರೇಡಿಯೊ ಜೊತೆ ಹಾಡುತ್ತಿದ್ದಾಗ ಕೆಳಗೆ ಎಲ್ಲ ಚಾರ್ಜರ್‌ಗಳೂ ಓಡುತ್ತಿದ್ದವು. ನಾನು ಛಾವಣಿಯನ್ನೇ ನೋಡುತ್ತಾ ಕೂತಿದ್ದೆ. ಕೋಲು ಕುಟ್ಟಲಿಲ್ಲ. ಆಗಾಗ ಶ್ರುತಿ ತಪ್ಪಿದ್ದು ರೇಡಿಯೊ ಅಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಅಂಗಡಿ ಇಲ್ಲೇ ಇರಲಿ ಅನ್ನಿಸಿದರೆ ಒಂದು ಸಲ ಕುಟ್ಟಿ. ಸ್ವಿಚ್ ಮುಟ್ಟುವುದಿಲ್ಲ, ಟೀ ಹಿಡಿದು ಮೇಲೆ ಬರುತ್ತೇನೆ.

ನಿಮ್ಮ ಕಾಲಡಿಯ ಬಾಡಿಗೆಯವಳು