ಸೊಟ್ಟ ಬಾಗಿಲ ಮುಂದೆ ನಿಂತ ಸುವರ್ಣಾಗೆ

ಹದಿಮೂರನೇ ತಿಂಗಳು, ಮೂರನೇ ತಾರೀಖು, ೨೧೩೭

ಹೊಟ್ಟೆ ಒಳಗೆಳೆದುಕೊಂಡು ಫೋಟೊಕ್ಕೆ ನಿಲ್ಲುವ ಸುವರ್ಣಾ, ಮೊದಲು ಉಸಿರು ಬಿಡು. ಒಂದಿಷ್ಟೂ ನಾಚಿಕೆಯಿಲ್ಲವೇನೇ ನಿನಗೆ? ನಿನ್ನ ಸುಳ್ಳಿನಿಂದ ಇಲ್ಲಿ ನನ್ನ ಮೊಮ್ಮಗಳ ಅನ್ನಕ್ಕೆ ಕುತ್ತು ಬಂದಿದೆ. ನಾನು ನಿಂಬೆವ್ವ. ವರಸೆಯಲ್ಲಿ ನೀನು ನನ್ನ ಅಜ್ಜಿಯ ಅವ್ವ. ಆದರೆ ಈ ಕಾಗದ ಮುಟ್ಟುವಾಗ ನಿನಗೆ ಮೂವತ್ತನಾಲ್ಕು, ನನಗೆ ಎಪ್ಪತ್ತೆರಡು. ಅದಕ್ಕೇ ಬೈಯುತ್ತಿದ್ದೇನೆ, ಬೈಸಿಕೋ.

ತಾರೀಖು ನೋಡಿ ನಗಬೇಡ. ಬೇಸಿಗೆ ಮುಗಿಯುವುದೇ ಇಲ್ಲವೆಂದು ನಮ್ಮವರು ವರ್ಷಕ್ಕೊಂದು ತಿಂಗಳು ಜೋಡಿಸಿದ್ದಾರೆ. ಊರ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತವಳು ನಾನು. ಮಾತು ವಿಚಿತ್ರ ಕಂಡರೆ ಹೊಟ್ಟೆಗೆ ಹಾಕಿಕೋ. ಹಿಂದಿನ ಕಾಲಕ್ಕೆ ಹೋಗುವ ಅಂಚೆ ಒಂದು ಮನೆಗೆ ಒಂದೇ ಸಲ ಸಿಗುತ್ತದೆ. ತೀರಿಹೋದ ಗಂಡನಿಗೆ ಎರಡು ಮಾತು ಬರೆಯಬೇಕೆಂದು ಉಳಿಸಿಕೊಂಡಿದ್ದೆ. ಅದು ನಿನ್ನ ಪಾಲಾಯಿತು.

ನಮ್ಮಲ್ಲಿ ಮನೆಮನೆಗೆ ಒಲೆಯಿಲ್ಲ. ಅಳತೆಮನೆ ಎಂದಿದೆ, ಊರಿಗೆಲ್ಲ ಅಲ್ಲೇ ಅಡುಗೆ. ತಲೆಗೆ ಎರಡು ರೊಟ್ಟಿ, ಒಂದು ಸೌಟು ಪಲ್ಯ, ಸಂಜೆ ಒಂದು ಬಟ್ಟಲು ನುಚ್ಚು. ಬೆಳಿಗ್ಗೆ ಎಲ್ಲರೂ ತುಳಿಪಟ್ಟಿಯ ಮೇಲೆ ಒಂದು ತಾಸು ನಡೆಯಬೇಕು. ನಾವು ನಡೆದರೆ ಅದು ತಿರುಗುತ್ತದೆ, ಅದು ತಿರುಗಿದರೆ ಊರ ಟಾಕಿಗೆ ನೀರು ಏರುತ್ತದೆ. ತಿಂಗಳ ಕೊನೆಗೆ ತಕ್ಕಡಿ. ಸಾಲಾಗಿ ಮೂರು ಸಲ ತೂಕ ಏರಿದವರು ಕದ್ದು ತಿಂದವರೆಂದೇ ತೀರ್ಪು. ಆಮೇಲೆ ಅವರಿಗೆ ಅರ್ಧ ಪಾಲು.

ನನ್ನ ಮೊಮ್ಮಗಳು ಪಾರವ್ವನಿಗೆ ಹದಿನಾರು. ಎರಡು ಸಲ ಏರಿದ್ದಾಳೆ. ಮೊದಲ ತಿಂಗಳು ನಾನೇ ಅವಳನ್ನು ನಂಬಲಿಲ್ಲ. ಬಾಯಿ ಮೂಸಿ ನೋಡಿದೆ, ಹಾಸಿಗೆ ಝಾಡಿಸಿದೆ, ಪಾಲಿನ ರೊಟ್ಟಿ ತಂದಿಡುವ ಬುಟ್ಟಿಯ ಮುಚ್ಚಳಕ್ಕೆ ಗೆಜ್ಜೆ ಕಟ್ಟಿದೆ. "ಆ ಗೆಜ್ಜಿ ನನ್ನ ಕೊಳ್ಳಾಗ ಕಟ್ಟಬೇ ಆಯಿ, ನಿನಗ ಹುಡುಕೂ ತ್ರಾಸ ತಪ್ಪತೈತಿ" ಅಂದಳು. ಆ ಮಾತು ಇನ್ನೂ ಚುಚ್ಚುತ್ತಿದೆ. ಎರಡನೆಯ ತಿಂಗಳು ಅವಳ ಬೆನ್ನು ಬಿಡಲಿಲ್ಲ. ಅವಳು ತಿಂದಷ್ಟೇ ತಿಂದೆ, ನಡೆದಷ್ಟೇ ನಡೆದೆ. ನಾನು ಎರಡು ಕಿಲೋ ಇಳಿದೆ, ಅವಳು ಮೂರು ಏರಿದಳು. ಈಗ ತನ್ನ ಪಾಲಿನಲ್ಲೂ ಒಂದು ರೊಟ್ಟಿ ವಾಪಸು ಇಡುತ್ತಾಳೆ. ಮೊನ್ನೆ ತುಳಿಪಟ್ಟಿಯ ಮೇಲೆ ಕಣ್ಣು ಕತ್ತಲಾಗಿ ಬಿದ್ದಳು. "ಭಾರಕ್ಕ ಬಿದ್ಲು" ಅಂತ ಪಕ್ಕದವಳು ನಕ್ಕಳು. ಅರ್ಧ ಪಾಲಿನಲ್ಲಿ ಈ ಹುಡುಗಿ ಉಳಿಯುವುದಿಲ್ಲ.

ಇಂಥ ಮೈ ಮನೆತನದಲ್ಲಿ ಹಿಂದೆಯೂ ಇತ್ತೆಂದು ತೋರಿಸಿದರೆ ಬಿಡುತ್ತಾರೆ. "ನಮ್ಮವ್ವ ಗಾಳಿ ಕುಡಿದ್ರೂ ಉಬ್ಬತಿದ್ಲು" ಎಂದು ನನ್ನ ಅಜ್ಜಿ ನಿನ್ನ ಬಗ್ಗೆ ಹೇಳುತ್ತಿದ್ದಳು. ತಕ್ಕಡಿಯ ಸಾಹೇಬ ಗುರುಬಸಯ್ಯ ಬಾಯಿಮಾತು ಬೇಡ, ಫೋಟೊ ತಾ ಎಂದ. ನಿನ್ನ ಇನ್ನೂರು ಫೋಟೊ ಒಯ್ದೆ. ಒಂದರಲ್ಲಾದರೂ ದಪ್ಪ ಇದ್ದೀಯೇನೇ? "ಆಯಿ, ನಿಮ್ಮ ಹಿರೇರು ಬಳ್ಳಿ ಇದ್ದಂಗ ಅದಾರ. ಹುಡುಗಿ ಕದ್ದಾಳ, ಒಪ್ಪಿಕೋ" ಅಂದುಬಿಟ್ಟ.

ಆದರೆ ನಾನು ಬಡಿಗನ ಹೆಂಡತಿ. ನಿನ್ನ ನಡು ಬಿಟ್ಟು ನಿನ್ನ ಬೆನ್ನ ಹಿಂದಿನ ಬಾಗಿಲು ನೋಡಿದೆ. ನಿನ್ನ ಸೊಂಟದ ಹತ್ತಿರ ತೇಗದ ಚೌಕಟ್ಟು ಒಳಕ್ಕೆ ಬಾಗಿದೆ. ಇನ್ನೊಂದರಲ್ಲಿ ಕಿಟಕಿಯ ಸರಳು, ಮತ್ತೊಂದರಲ್ಲಿ ಲೈಟಿನ ಕಂಬ. ನೀನು ನಿಂತಲ್ಲೆಲ್ಲ ಲೋಕವೇ ಸೊಟ್ಟ. ಫೋನಿನಲ್ಲಿ ಬೆರಳಿಟ್ಟು ಫೋಟೊದ ನಡು ಒತ್ತಿ ಸಣ್ಣ ಮಾಡಿದ್ದೀ, ಜೊತೆಗೆ ಬಾಗಿಲೂ ಒತ್ತಿಹೋಗಿದೆ. ಗುರುಬಸಯ್ಯನಿಗೆ ತೋರಿಸಿದರೆ, "ಆಗಿನ ಬಡಿಗೇರಿಗೆ ಕೈ ನೆಟ್ಟಗ ಇರಲಿಲ್ಲ ಬಿಡು" ಅಂದ. ನನ್ನ ಗಂಡ ಬದುಕಿದ್ದರೆ ಉಳಿ ಹಿಡಿದು ಎದ್ದಿರುತ್ತಿದ್ದ.

ನೀನೂ ಅರ್ಧ ರೊಟ್ಟಿ ತಿಂದು, ಬೆವರು ಸುರಿಸಿ ನಡೆದು, ತಕ್ಕಡಿ ಮೇಲೆ ನಿಂತು ಅತ್ತಿರಬೇಕು. ಮಂದಿ ನಕ್ಕಿರಬೇಕು. ಗೊತ್ತು ನನಗೆ. ಆದರೂ ನೀನು ಅಳಿಸಿದ ಆ ಹೊಟ್ಟೆಯೊಂದೇ ನನ್ನ ಪಾರವ್ವನಿಗಿದ್ದ ಸಾಕ್ಷಿ.

ಅದೇ ಬಾಗಿಲ ಮುಂದೆ ಹೊಟ್ಟೆ ಬಿಟ್ಟು ನಿಲ್ಲು. ಫೋಟೊ ತೆಗೆಸಿ ಕಾಗದದ ಮೇಲೆ ಅಚ್ಚು ಹಾಕಿಸು, ಬೆರಳು ತಾಗಿಸಬೇಡ. ನಿನ್ನ ತೂಕ, ತಿಂದದ್ದು, ನಡೆದದ್ದು ಹಿಂದುಗಡೆ ನಿನ್ನ ಕೈಯಾರೆ ಬರೆ. ನಿನ್ನ ಹಸಿರು ಟ್ರಂಕಿನ ತಳದಲ್ಲಿ, ಹಾಸಿದ ಪೇಪರಿನ ಕೆಳಗೆ ಇಡು. ಆ ಟ್ರಂಕು ನನ್ನ ಮಂಚದಡಿಯೇ ಇದೆ. ನಿನಗೆ ಬರೆಯಬೇಕೆಂದು ಗಟ್ಟಿ ಮಾಡಿದಂದಿನಿಂದ ದಿನಾ ಬೆಳಿಗ್ಗೆ ಪೇಪರು ಎತ್ತಿ ನೋಡುತ್ತೇನೆ. ಇವತ್ತೂ ಬರೀ ತುಕ್ಕು. ಮೂರನೆಯ ತಕ್ಕಡಿ ಈ ತಿಂಗಳ ಕೊನೆಗೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆದು ಟ್ರಂಕಿನಲ್ಲಿಡು.